ಟಿಕೆಟಕ್ಕನ ಹೋಮ್ ಥಿಯೇಟರ್

"ಆ ತುದಿ ಎಳೀರಿ. ಇನ್ನೂ ಸ್ವಲ್ಪ. ಟೀವಿ ಪೂರ್ತಿ ಮುಚ್ಚಬೇಕು."

ಟೀಚರು ಸ್ಟೂಲಿನ ಮೇಲೆ ನಿಂತು, ಬೆಡ್‌ಶೀಟಿನ ಒಂದು ತುದಿ ಹಿಡಿದುಕೊಂಡೇ ಅಪ್ಪಣೆ ಕೊಡುತ್ತಿದ್ದರು. ಇನ್ನೊಂದು ತುದಿ ಸತ್ತವಳ ತಮ್ಮನ ಕೈಯಲ್ಲಿತ್ತು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು ಕಣ್ಣು ಕೆಂಪಗಾಗಿದ್ದರೂ ಅವನ ಬಾಯಿ ಮಾತ್ರ ಒಂಚೂರೂ ದಣಿದಿರಲಿಲ್ಲ.

"ಟೀವಿ ಮುಚ್ಚಿ ಏನಾಗಬೇಕು ಟೀಚರ್? ಅಕ್ಕ ಎದ್ದು ಆನ್ ಮಾಡ್ತಾಳಾ?"

"ಮುಚ್ಚಿ ಅಂದ್ರೆ ಮುಚ್ಚಿ. ಸಾವಿನ ಮನೆಗೆ ಬಂದೋರು ಈ ಡಬ್ಬಗಳನ್ನ ನೋಡ್ಕೊಂಡು ಕೂರಬಾರದು."

ಡಬ್ಬಗಳೇನೋ ಆ ಮನೆಯಲ್ಲಿ ಬೇಕಾದಷ್ಟಿದ್ದವು. ಟೀವಿಯ ಅಕ್ಕಪಕ್ಕ ಎದೆಮಟ್ಟದ ಎರಡು ಸ್ಪೀಕರು, ಕೆಳಗೊಂದು ಅಡ್ಡಗಿನದು, ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ ಪುಟಾಣಿಗಳೆರಡು, ಮೂಲೆಯಲ್ಲಿ ಗುಡಾಣದಂತೆ ಕೂತು ಧಡ್ ಧಡ್ ಎನ್ನುವ ವೂಫರು. ಒಬ್ಬಂಟಿ ಹೆಂಗಸಿನ ಎರಡು ಕೋಣೆಯ ಬಾಡಿಗೆ ಮನೆಗೆ ಇಷ್ಟೊಂದು ಬಾಯಿಗಳು ಯಾಕೆ ಬೇಕು ಎಂದು ಟೀಚರು ವರ್ಷಾನುಗಟ್ಟಲೆ ಕೇಳಿದ್ದರು, ಅದೂ ಇಡೀ ಕಟ್ಟಡಕ್ಕೆ ಕೇಳುವ ಹಾಗೆ. ಈಗ ಕೇಳುವುದಕ್ಕೆ ಆ ಹೆಂಗಸೇ ಇರಲಿಲ್ಲ. ಬೆಡ್‌ಶೀಟು ಟೀವಿಯನ್ನೂ ಅದರ ಕೆಳಗಿನ ಸ್ಟ್ಯಾಂಡನ್ನೂ ನೆಲದವರೆಗೆ ಮುಚ್ಚಿತು. ಆಸ್ಪತ್ರೆಯಿಂದ ವ್ಯಾನು ಹೊರಟಿದೆ ಎಂದು ಫೋನು ಬಂದಿತ್ತು; ಹೊರಕೋಣೆ ಖಾಲಿ ಮಾಡಿ, ಚಾಪೆ ಹಾಸಿ, ಲೋಟ ತೊಳೆಸಿ, ಎಲ್ಲಕ್ಕೂ ಟೀಚರೇ ಓಡಾಡಿದ್ದರು. ಕೆಳಗಿನ ಮನೆಯವರು, ಹತ್ತಿರದವರು, ಮೇಲಾಗಿ ನಿನ್ನೆ ಬೆಳಗ್ಗೆ ಹೆಣವನ್ನು ಮೊದಲು ಕಂಡವರು. ತಾಯಿ ಫೋನು ಎತ್ತುತ್ತಿಲ್ಲವೆಂದು ಸತ್ತವಳ ಮಗಳು ಟೀಚರಿಗೆ ಫೋನು ಮಾಡಿದ್ದಳು. ಟೀಚರು ತಮ್ಮ ಬಳಿ ಇದ್ದ ಇನ್ನೊಂದು ಬೀಗದ ಕೈ ತೆಗೆದುಕೊಂಡು ಮೇಲೆ ಬಂದಿದ್ದರು. ಟಿಕೆಟಕ್ಕ ಬಚ್ಚಲುಮನೆಯಲ್ಲಿ ಬಿದ್ದಿದ್ದಳು.

ಒಳಕೋಣೆಯ ಮಂಚದ ಮೇಲೆ ಮಗಳು ಕೂತಿದ್ದಳು. ಚಿಕ್ಕವಳಿದ್ದಾಗ ಟೀಚರ ಹತ್ತಿರವೇ ಲೆಕ್ಕ ಕಲಿತವಳು. ಈಗ ಬೇರೆ ಊರಿನಲ್ಲಿ ಔಷಧಿ ಅಂಗಡಿಯ ಲೆಕ್ಕ ಬರೆಯುತ್ತಾಳೆ. ನಿನ್ನೆಯಿಂದ ಅವಳದು ಒಂದೇ ಪ್ರಶ್ನೆ. ಡಾಕ್ಟರನ್ನು ಕೇಳಿದಳು, ನರ್ಸನ್ನು ಕೇಳಿದಳು, ಸೋದರಮಾವನನ್ನು ಕೇಳಿದಳು.

"ಅಮ್ಮ ಒದ್ದಾಡಿದ್ಲಾ?"

ಡಾಕ್ಟರು, "ತಲೆಗೆ ಪೆಟ್ಟಾಗಿದೆ, ಎಷ್ಟು ಹೊತ್ತು ಇದ್ರು ಅಂತ ಹೇಳೋಕಾಗಲ್ಲಮ್ಮ" ಎಂದು ನುಣುಚಿಕೊಂಡಿದ್ದರು. ಆ "ಹೇಳೋಕಾಗಲ್ಲ" ಎಂಬುದು ಹುಡುಗಿಯನ್ನು ಕೊರೆಯುತ್ತಿತ್ತು. ಒಂದು ತೊಟ್ಟು ನೀರು ಕುಡಿದಿರಲಿಲ್ಲ, ಒಂದು ಹನಿ ಅತ್ತಿರಲಿಲ್ಲ. ಟೀಚರಿಗೆ ಉತ್ತರವಿಲ್ಲದ ಪ್ರಶ್ನೆಯನ್ನು ಕಂಡರೆ ಮೊದಲಿನಿಂದಲೂ ಆಗುವುದಿಲ್ಲ. ಹೋಗಿ ಪಕ್ಕದಲ್ಲಿ ಕೂತರು.

"ನಾನು ಹೇಳ್ತೀನಿ ಕೇಳು. ಮೊನ್ನೆ ಸಂಜೆ ನಿಮ್ಮಮ್ಮ ಆ ಡಬ್ಬ ಹಾಕ್ಕೊಂಡಿದ್ಲು. ಧಡ್ ಧಡ್ ಅಂತ ನನ್ನ ತಲೆ ಮೇಲೆ. ಕಿವಿಯಾರೆ ಕೇಳಿದೀನಿ. ಅಂದ್ರೆ ಅಲ್ಲೀವರೆಗೂ ಚೆನ್ನಾಗೇ ಇದ್ಲು ಅಂತ ತಾನೇ?"

"ಆಮೇಲೆ?"

"ಆಮೇಲೆ ಆಫ್ ಮಾಡಿ ಬಚ್ಚಲಿಗೆ ಹೋಗಿದಾಳೆ. ಕಾಲು ಜಾರಿದೆ. ಅಲ್ಲಿಂದ ಮುಂದೆ ಒಂದು ಸದ್ದಿಲ್ಲ. ಒದ್ದಾಡಿದ್ರೆ ನನಗೆ ಕೇಳಿಸಬೇಕಿತ್ತೋ ಬೇಡ್ವೋ? ನನ್ನ ಕಿವಿ ಎಂಥದ್ದು ಅಂತ ನಿಂಗೇ ಗೊತ್ತಲ್ಲ. ಒಂದೇ ಏಟು ಕಣೇ. ಅವಳಿಗೇ ಗೊತ್ತಾಗಿರಲ್ಲ."

ಹುಡುಗಿ ಟೀಚರ ಮುಖವನ್ನೇ ನೋಡಿದಳು. ಆಮೇಲೆ ಅವರ ಭುಜಕ್ಕೆ ಹಣೆಯಿಟ್ಟು, ಮೊದಲ ಸಲ, ಬಾಯಿಬಿಟ್ಟು ಅತ್ತಳು. ಅತ್ತು ಮುಗಿದ ಮೇಲೆ ಅರ್ಧ ಲೋಟ ಟೀ ಕುಡಿದಳು. ಟೀಚರಿಗೆ ತಮ್ಮ ಮೇಲೆ ತಮಗೇ ಮೆಚ್ಚುಗೆಯಾಯಿತು. ಅವರ ಮಾತು ಬಾಯಿಂದ ಬಾಯಿಗೆ ದಾಟಿ, ವ್ಯಾನು ಬರುವಷ್ಟರಲ್ಲಿ ಮನೆಯೆಲ್ಲ ಸುತ್ತಿತು. ಸಿನಿಮಾ ನೋಡ್ತಾ ನೋಡ್ತಾ ಹೋದ್ಲಂತೆ, ಪುಣ್ಯವಂತೆ, ಎಂದು ಮೆಟ್ಟಿಲು ಗುಡಿಸುವ ಹೆಂಗಸು ಕೂಡ ಲೋಟ ತೊಳೆಯುತ್ತ ಹೇಳಿದಳು.

*

ಟಿಕೆಟಕ್ಕನಿಗೆ ಆ ಹೆಸರು ಅಂಟಿದ್ದು ಸಿನಿಮಾ ಥಿಯೇಟರಿನಲ್ಲಿ. ಟಿಕೆಟು ಕೊಡುವ ಗೂಡಿನಲ್ಲಿ ಅವಳ ಅರ್ಧ ಆಯುಸ್ಸು ಹೋಗಿತ್ತು. ಅಂಗೈಯಗಲದ ಕಂಡಿ, ಅದರಾಚೆ ಬರೀ ಕೈಗಳು. ಬಳೆಯ ಕೈ, ಮಸಿಯ ಕೈ, ಬೆವೆತ ಕೈ. ಗಂಡನೆಂಬುವನು ಮಗಳು ತೊಟ್ಟಿಲಲ್ಲಿದ್ದಾಗಲೇ ಕೈಕೊಟ್ಟು ಹೋದ ಮೇಲೆ, ಆ ಕಂಡಿಯಿಂದಲೇ ಮಗಳನ್ನು ಸಾಕಿ, ಓದಿಸಿ, ಒಂದು ದಡ ಸೇರಿಸಿದಳು.

ಗೂಡಿನ ಹಿಂಗೋಡೆಯೇ ಥಿಯೇಟರಿನ ಪಕ್ಕದ ಗೋಡೆ. ಆಟ ಶುರುವಾದ ಮೇಲೆ ಅವಳು ಕೂತು ಲೆಕ್ಕ ಹೊಂದಿಸಬೇಕು, ಹೊಂದಿಸಿ ಮುಗಿಸುವಷ್ಟರಲ್ಲಿ ಮುಂದಿನ ಆಟದ ಸಾಲು ನಿಂತಿರುತ್ತಿತ್ತು. ಹಾಗಾಗಿ ಆ ಊರಿಗೆ ಬಂದ ಸಿನಿಮಾಗಳನ್ನೆಲ್ಲ ಅವಳು ಕೇಳಿದ್ದಳು, ನೋಡಿದ್ದು ಬೆರಳೆಣಿಕೆಯಷ್ಟು. ಗೋಡೆಯಾಚೆ ಗುಡುಗಿದರೆ, "ಈಗ ಅತ್ತೆ ಮೆಟ್ಟಿಲಿಂದ ಬೀಳ್ತಾಳೆ" ಎನ್ನುವಳು. ಅತ್ತೆ ಬೀಳುತ್ತಿದ್ದಳು.

ಥಿಯೇಟರು ಮುಚ್ಚಿ ಪೀಠೋಪಕರಣದ ಗೋಡೌನು ಆಯಿತು. ಟಿಕೆಟಕ್ಕ ಮನೆಯಲ್ಲಿ ಕೂತಳು. ಮಗಳು ಕೆಲಸಕ್ಕೆಂದು ಊರು ಬಿಟ್ಟಿದ್ದಳು. ನಿಶ್ಶಬ್ದವೆಂದರೆ ಏನೆಂದೇ ಗೊತ್ತಿಲ್ಲದ ಹೆಂಗಸು. ಗೋಡೆಗೆ ಕಿವಿಯಿಟ್ಟರೆ ಗೋಡೆ ಬರೀ ಗೋಡೆಯಾಗಿತ್ತು. ಒಂದು ದಿನ ಎದ್ದವಳೇ ಅಂಗಡಿಗೆ ಹೋದಳು. ಅಂಗಡಿಯವನು ಅವಳ ಹವಾಯಿ ಚಪ್ಪಲಿಯಿಂದ ನರೆಗೂದಲಿನವರೆಗೆ ಒಮ್ಮೆ ನೋಡಿ, "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ, ವಿವರಿಸಿ ಹೇಳಬಹುದು" ಎಂದನಂತೆ.

"ನನಗೇ ಹೇಳಪ್ಪ. ಕೇಳೋ ಕಿವಿ ನಂದು."

ಸ್ಪೀಕರುಗಳಿಗೆಲ್ಲ ಸದ್ದು ಹಂಚುವ ರಿಸೀವರ್, ಇದ್ದುದರಲ್ಲಿ ಕಡಿಮೆ ಬೆಲೆಯದು, ಹಳೇ ಮಾಡೆಲ್ಲು, ರಟ್ಟಿನ ಪೆಟ್ಟಿಗೆಯ ಮೂಲೆ ಜಜ್ಜಿದ್ದು. ಸ್ಪೀಕರುಗಳೂ ಅದರದೇ ಅಂತಸ್ತಿನವು. ಆಟೋದಲ್ಲಿ ತಂದು, ಕೆಂಪು ವೈರನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ತಾನೇ ಸಿಕ್ಕಿಸಿ, ಸಂಜೆಗೆ ಸರಿಯಾಗಿ ಟೀಚರ ಬಾಗಿಲು ತಟ್ಟಿದಳು. ಒಳಗೆ ಟ್ಯೂಷನ್ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು.

"ಟೀಚರ್, ಐದು ನಿಮಿಷ ಮಕ್ಕಳನ್ನ ಸುಮ್ಮನಿರಿಸ್ತೀರಾ?"

"ಯಾಕೆ?"

"ಮೆಷಿನ್ನಿನ ಜೊತೆ ಒಂದು ಮೈಕು ಕೊಟ್ಟಿದಾರೆ. ಅದನ್ನ ನಾನು ಕೂರೋ ಜಾಗದಲ್ಲಿ ಇಡಬೇಕು. ಮೆಷಿನ್ನು ಒಂದೊಂದೇ ಸ್ಪೀಕರಿನಿಂದ ಸದ್ದು ಬಿಟ್ಟು, ಆ ಮೈಕಿನಲ್ಲಿ ತಾನೇ ಕೇಳಿಸ್ಕೊಂಡು, ಮನೆಗೆ ತಕ್ಕ ಹಾಗೆ ಹೊಂದಿಸ್ಕೊಳ್ಳುತ್ತಂತೆ. ಆಗ ಯಾರೂ ಉಸಿರೆತ್ತಬಾರದಂತೆ."

"ನಿಮ್ಮ ಮೆಷಿನ್ನು ಕೇಳಿಸ್ಕೊಳ್ಳಲಿ ಅಂತ ನನ್ನ ಮಕ್ಕಳು ಬಾಯಿ ಮುಚ್ಕೋಬೇಕಾ?" ಎಂದ ಟೀಚರು ಒಳಗೆ ತಿರುಗಿ, "ಹದಿನೇಳರ ಮಗ್ಗಿ. ಜೋರಾಗಿ!" ಎಂದರು.

ಮೆಷಿನ್ನು ಹದಿನೇಳರ ಮಗ್ಗಿಯನ್ನೂ ಸೇರಿಸಿಕೊಂಡೇ ಮನೆಯ ಅಳತೆ ತೆಗೆದುಕೊಂಡಿತು. ಟಿಕೆಟಕ್ಕ ಮೂರು ಡಬ್ಬಿ ಪೇರಿಸಿ ಅದರ ಮೇಲೆ ಮೈಕಿಟ್ಟು, ಮಕ್ಕಳು ಮನೆಗೆ ಹೋಗುವವರೆಗೆ ಕಾದು, ಮತ್ತೊಮ್ಮೆ ಮಾಡಿದಳು.

ಅಂದಿನಿಂದ ಯುದ್ಧ. ಮೇಲೆ ಧಡ್ ಎಂದರೆ ಸಾಕು, ಟೀಚರು ಜೇಡರಬಲೆ ತೆಗೆಯುವ ಕೋಲಿನಿಂದ ತಾರಸಿಯನ್ನು ಟಕ್ ಟಕ್ ಬಡಿಯುವರು. ಟಿಕೆಟಕ್ಕ ಹಿಮ್ಮಡಿಯಿಂದ ನೆಲ ಗುದ್ದಿ ಉತ್ತರ ಕೊಡುವಳು. ಇನ್ನೊಂಚೂರು ಇದೆ, ತಡ್ಕೊಳ್ಳಿ ಎಂದು ಅದರ ಅರ್ಥ. ಒಮ್ಮೊಮ್ಮೆ ಬೇಕೆಂದೇ ಇನ್ನೆರಡು ಗುದ್ದು ಹೆಚ್ಚಿಗೆ ಬೀಳುತ್ತಿತ್ತು.

ಒಂದು ಸಂಜೆ ಟೀಚರು ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿದ್ದರು. ಟಿಕೆಟಕ್ಕ ಮಾತೇ ಆಡದೆ ಅವರ ಕೈಹಿಡಿದು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಪರದೆಯ ಮೇಲೆ ಯಾರೋ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಇದ್ದಕ್ಕಿದ್ದಂತೆ ಬೆನ್ನ ಹಿಂದೆ ನೀರು ಹರಿಯಿತು. ನಲ್ಲಿ ಬಿಟ್ಟು ಬಂದಿದ್ದಾಳೆ ಇವಳು ಎಂದು ಟೀಚರು ಸರಕ್ಕನೆ ತಿರುಗಿದರು. ಗೋಡೆಯ ಮೇಲೆ ಪುಟಾಣಿ ಡಬ್ಬ.

"ಟೀಚರ್ ತಿರುಗಿಬಿಟ್ರು!" ಎಂದು ಟಿಕೆಟಕ್ಕ ಚಪ್ಪಾಳೆ ತಟ್ಟಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಟೀಚರಿಗೆ ನಗು ತಡೆಯಲಾಗಲಿಲ್ಲ, ಒಪ್ಪಿಕೊಳ್ಳಲೂ ಆಗಲಿಲ್ಲ. "ಆ ಧಡ್ ಅನ್ನೋದು ಮಾತ್ರ ಯಾವ ಮೂಲೆಯಿಂದ ಬರುತ್ತೆ ಅಂತಾನೇ ಗೊತ್ತಾಗಲ್ಲ ನನಗೆ" ಎಂದು ಗೊಣಗಿದರು.

"ಅದಕ್ಕೆ ದಿಕ್ಕಿಲ್ಲ ಟೀಚರ್. ಎಲ್ಲಿಟ್ಟರೂ ಮನೆ ತುಂಬ ಇರುತ್ತೆ."

*

ಹೆಣ ಹೊರಕೋಣೆಯಲ್ಲಿತ್ತು. ಜನ ಸುತ್ತ ಕೂತಿದ್ದರು. ಲೋಟ ಸಾಲದೆಂದು ಟೀಚರು ತಮ್ಮ ಮನೆಯಿಂದ ತರಲು ಇಳಿದು ಬರುವಾಗ, ಮೆಟ್ಟಿಲ ಬುಡದಲ್ಲಿ ಹಿಂದಿನ ಬೀದಿಯ ಟೀವಿ ರಿಪೇರಿಯವನು ಎದುರಾದ. ಹಳೇ ಟವಲಿನಲ್ಲಿ ಸುತ್ತಿದ ಏನನ್ನೋ ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡಿದ್ದ.

"ಟಿಕೆಟಕ್ಕ ಇದಾರಾ ಮೇಲೆ? ಏನಿದು ಇಷ್ಟೊಂದು ಚಪ್ಪಲಿ! ಫಂಕ್ಷನ್ನಾ?"

"ಏನದು ಕೈಯಲ್ಲಿ?"

"ಅವರ ರಿಸೀವರ್ ಅಮ್ಮ. ಹೋದ ವಾರ ಕೊಟ್ಟಿದ್ರು. ಆನ್ ಮಾಡಿದ್ರೆ ಟಿಕ್ ಅಂತ ತಾನೇ ಆಫ್ ಆಗ್ತಿತ್ತು. ಏನೂ ಆಗಿರ್ಲಿಲ್ಲ. ಹಿಂದೆ ತಿರುಪಿನ ಸಂದಿಯಲ್ಲಿ ವೈರಿನ ಒಂದು ಎಳೆ ಸಿಕ್ಕೊಂಡಿತ್ತು, ಅಷ್ಟೆ. ಕೂದಲಿನಷ್ಟು. ನಂದೇ ತಪ್ಪು, ಕೆಲಸದ ಗಡಿಬಿಡೀಲಿ ಇಷ್ಟು ದಿನ ಬೆಂಚಿನ ಮೇಲೇ ಬಿಟ್ಟಿದ್ದೆ. ಪಾಪ, ಎರಡು ಸಲ ಅಂಗಡಿ ಹತ್ರ ಬಂದು ಹೋದ್ರು. ಮನೆ ಬಿಕೋ ಅನ್ನುತ್ತೆ ಕಣಪ್ಪ ಅಂತಿದ್ರು."

ಟೀಚರು ಟವಲಿನ ತುದಿ ಸರಿಸಿ ನೋಡಿದರು.

"ಮೊನ್ನೆ ಸಂಜೆ ಇದೆಲ್ಲಿತ್ತು?"

"ನನ್ನ ಅಂಗಡೀಲೇ. ಯಾಕಮ್ಮ?"

"ಇದಿಲ್ದೆ ಆ ವೂಫರು... ಅದೊಂದೇ ಸದ್ದು ಮಾಡುತ್ತಾ?"

"ಎಲ್ಲಿಂದ ಮಾಡುತ್ತೆ? ಇದೇ ತಾನೇ ತಲೆ. ಇದಿಲ್ದಿದ್ರೆ ಅವೆಲ್ಲ ಖಾಲಿ ಪೆಟ್ಟಿಗೆ."

ಟೀಚರು ಮೆಟ್ಟಿಲ ಮೇಲ್ತುದಿಯತ್ತ ನೋಡಿದರು. ಟಿಕೆಟಕ್ಕ ತೀರಿಕೊಂಡಳೆಂದು ಅವರು ಹೇಳಿದಾಗ ರಿಪೇರಿಯವನ ಮುಖ ಇಳಿದುಹೋಯಿತು. ಮೇಲೆ ಹೋಗಿ ಒಮ್ಮೆ ನೋಡಿ ಬರುತ್ತೇನೆಂದ.

"ಹೋಗಿ ಬಾ. ಆದ್ರೆ ಈ ಡಬ್ಬದ ಮಾತೆತ್ತಬೇಡ. ಹುಡುಗಿ ಈಗಷ್ಟೇ ಸುಧಾರಿಸ್ಕೊಂಡಿದಾಳೆ. ಇದನ್ನ ನಾನು ಇಟ್ಕೊಂಡಿರ್ತೀನಿ."

ಅವನು ತಲೆಯಾಡಿಸಿ ಟವಲಿನ ಗಂಟನ್ನು ಅವರ ಕೈಗಿಟ್ಟ. ಎಣಿಸಿದ್ದಕ್ಕಿಂತ ಭಾರವಾಗಿತ್ತು. ಟೀಚರು ಅದನ್ನು ಒಳಗೆ ಒಯ್ದು ಮಂಚದ ಕೆಳಗೆ ತಳ್ಳಿದರು. ಹುಡುಗಿಗೋಸ್ಕರ ಎಂದು ತಮಗೆ ತಾವೇ ಹೇಳಿಕೊಂಡರು. ಅದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧವನ್ನು ಅವರು ಹೇಳಿಕೊಳ್ಳಲಿಲ್ಲ.

*

ಹೋದ ವಾರ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿತ್ತು, ಮೇಲೆ ಯುದ್ಧದ ಸಿನಿಮಾ ನಡೆಯುತ್ತಿತ್ತು. ಟೀಚರು ಮೆಟ್ಟಿಲಲ್ಲಿ ನಿಂತು, "ನಿನ್ನ ಡಬ್ಬ ಸುಟ್ಟು ಬೂದಿಯಾಗ!" ಎಂದು ಕೂಗಿದ್ದರು. ಮರುದಿನದಿಂದ ಮೇಲ್ಗಡೆ ಪಿಟ್ಟೆನ್ನಲಿಲ್ಲ. ದಿನವೂ ನಿಶ್ಶಬ್ದ. ಬೈದದ್ದು ನಾಟಿತು ಎಂದು ಟೀಚರಿಗೆ ಒಳಗೊಳಗೇ ಗೆಲುವು. ಮೆಟ್ಟಿಲಲ್ಲಿ ಟಿಕೆಟಕ್ಕ ಎದುರಾದಾಗ ಮುಖ ತಿರುಗಿಸಿಕೊಂಡು ಹೋಗಿದ್ದರು. ಅವಳೇನೋ ಹೇಳಲು ಬಾಯಿ ತೆರೆದಂತಿತ್ತು. ಡಬ್ಬ ಕೆಟ್ಟಿದೆ, ನಿಮ್ಮ ಬಾಯಿ ಒಳ್ಳೇ ಬಾಯಿ ಟೀಚರ್ ಎಂದು ನಗಾಡಲು ಬಂದಿದ್ದಳೋ ಏನೋ.

ಮೊನ್ನೆ ಸಂಜೆ, ಮಕ್ಕಳು ತಲೆ ಬಗ್ಗಿಸಿ ಲೆಕ್ಕ ಮಾಡುತ್ತಿದ್ದಾಗ, ಮೇಲೆ ಧಡ್ ಎಂದಿತು.

ಟೀಚರು ತಲೆಯೆತ್ತಿದರು. ಮತ್ತೆ ಧಡ್. ಶುರುವಾಯಿತು, ಎಂದುಕೊಂಡರು. ಅಷ್ಟು ದಿನ ಸುಮ್ಮನಿದ್ದು ಮತ್ತೆ ಶುರುಮಾಡಿದ್ದು ಬೇಕೆಂದೇ ಮಾಡಿದ ಹಾಗೆ ಕಂಡು ಅವರ ಪಿತ್ತ ನೆತ್ತಿಗೇರಿತು. ಕೋಲು ತೆಗೆದು ತಾರಸಿಗೆ ಬಡಿದರು, ಟಕ್ ಟಕ್. ಕ್ಷಣ ಸುಮ್ಮನಾಗಿ, ಮೇಲಿಂದ ಉತ್ತರ ಬಂತು, ಧಡ್ ಧಡ್. ಮಕ್ಕಳು ಕಿಸಕ್ಕೆಂದರು. ಟೀಚರು ಇನ್ನೂ ಜೋರಾಗಿ ಬಡಿದರು. ಧಡ್ ಧಡ್ ಧಡ್ ಎಂದಿತು ಮೇಲೆ. ಹೀಗೇ ನಡೆಯಿತು, ಇವರು ಬಡಿಯುವುದು, ಅವಳು ಬಡಿಯುವುದು. ಕೊನೆಗೆ ಟೀಚರು ಹಲ್ಲು ಕಚ್ಚಿ, ಗಾರೆ ಉದುರುವ ಹಾಗೆ ಕೋಲು ಕುಟ್ಟಿದರು. ಆಮೇಲೆ ಮೇಲಿಂದ ಸದ್ದು ಬರಲೇ ಇಲ್ಲ.

"ನೋಡಿದ್ರಾ," ಎಂದಿದ್ದರು ಮಕ್ಕಳಿಗೆ, ಕೋಲನ್ನು ಮೂಲೆಗಿಡುತ್ತ. "ಸೋತಳು."

ನಿನ್ನೆ ಬೆಳಗ್ಗೆ ಬಚ್ಚಲುಮನೆಯಲ್ಲಿ ಅವಳನ್ನು ಹೊರಳಿಸಲು ಹೋದಾಗ ಸ್ನಾನದ ಮಣೆ ಅಡ್ಡವಾಗಿತ್ತು. ಮರದ ಮಣೆ, ತುದಿಯ ಮೇಲೆ ಅವಳ ಬೆರಳುಗಳು. ಟೀಚರೇ ಆ ಬೆರಳು ಬಿಡಿಸಿ, ಮಣೆಯನ್ನು ಗೋಡೆಗೆ ಒರಗಿಸಿದ್ದರು. ಬೀಳುವಾಗ ಹಿಡಿದುಕೊಂಡಿದ್ದಾಳೆ ಎಂದುಕೊಂಡಿದ್ದರು.

*

ಎಲ್ಲ ಮುಗಿಸಿ ಹಿಂತಿರುಗಿದಾಗ ಸಂಜೆಯಾಗುತ್ತಿತ್ತು. ಬಂದವರು ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿ ಹೊರಟರು. ಮನೆಯಲ್ಲಿ ಉಳಿದದ್ದು ಮಗಳು, ಅವಳ ಸೋದರಮಾವ, ಟೀಚರು, ಮತ್ತೆ ನೆಲ ಒರೆಸುತ್ತಿದ್ದ ಗುಡಿಸುವ ಹೆಂಗಸು. ರಿಪೇರಿಯವನು ಬಂದು ಹೋದ ಮೇಲೆ ಟೀಚರು ಯಾರಿಗೂ ಅಪ್ಪಣೆ ಕೊಟ್ಟಿರಲಿಲ್ಲ. ಅವರಿಗೆ ದುಃಖ ಹೆಚ್ಚಾಗಿದೆ ಎಂದು ಜನ ಮಾತಾಡಿಕೊಂಡಿದ್ದರು.

ಮಾವ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಹೊರಕೋಣೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿದ.

"ನೋಡಮ್ಮ, ತಪ್ಪು ತಿಳ್ಕೋಬೇಡ. ನೀನಿರೋದು ಹಾಸ್ಟೆಲಿನಲ್ಲಿ. ಈ ಹೋಮ್ ಥಿಯೇಟರ್ ಅಲ್ಲಿ ಇಡೋಕಾಗಲ್ಲ. ನಾನು ತಗೊಂಡು ಹೋಗ್ತೀನಿ. ಅಕ್ಕನ ನೆನಪಿಗೆ ಇರಲಿ."

"ತಗೊಳ್ಳಿ ಮಾವ," ಎಂದಳು ಹುಡುಗಿ. "ಯಾರಾದ್ರೂ ಕೇಳೋರು ಇರಬೇಕು ಅದನ್ನ."

ಅಕ್ಕನ ನೆನಪು ಅವನನ್ನು ಎಷ್ಟು ಕಾಡುತ್ತಿತ್ತೆಂದರೆ ಆಗಲೇ ಎದ್ದು ಬೆಡ್‌ಶೀಟು ಸರ್ರನೆ ಎಳೆದ. ಬಗ್ಗಿ ನೋಡಿದ. ಟೀವಿಯ ಕೆಳಗಿನ ಸ್ಟ್ಯಾಂಡಿನಲ್ಲಿ ಧೂಳಿಲ್ಲದ ಒಂದು ಚೌಕ, ಅದರ ಹಿಂದೆ ಬಾಯಿ ತೆರೆದು ಬಿದ್ದ ವೈರುಗಳು.

"ಮೇನ್ ಡಬ್ಬಾನೇ ಇಲ್ವಲ್ಲ!"

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಇಲ್ಲ. ಮೊನ್ನೆ ಸಂಜೆ ಇದ್ದಿದ್ದು ಇವತ್ತಿಲ್ಲ ಅಂದ್ರೆ ಏನರ್ಥ? ಟೀಚರೇ ಕಿವಿಯಾರೆ ಕೇಳಿದಾರೆ. ಸಾವಿನ ಮನೇಲೂ ಬಿಡಲ್ಲ ಜನ." ಅವನ ಕಣ್ಣು ಕೋಣೆಯನ್ನು ಸುತ್ತಿ, ನೆಲ ಒರೆಸುವವಳ ಮೇಲೆ ನಿಂತಿತು. "ಬೆಳಗ್ಗೆಯಿಂದ ಇಲ್ಲೇ ಓಡಾಡ್ತಿದ್ದೋರು ಯಾರು? ಏನಮ್ಮಾ, ನಿನ್ನೇ. ಆ ಚೀಲದಲ್ಲಿ ಏನಿದೆ?"

ಹೆಂಗಸು ಒದ್ದೆ ಬಟ್ಟೆ ಹಿಡಿದು ಎದ್ದು ನಿಂತಳು. "ನಾನ್ಯಾಕೆ ಮುಟ್ಲಣ್ಣ? ಟಿಕೆಟಕ್ಕ ನನ್ನ ಕೂರಿಸಿ ಸಿನಿಮಾ ತೋರಿಸ್ತಿದ್ರು. ಅವರ ಮನೇದು ನಾನ್ಯಾಕೆ..." ಚೀಲವನ್ನು ತಾನೇ ತಂದು ಅವನ ಮುಂದೆ ಸುರಿದಳು. ಒಂದು ಬಾಚಣಿಗೆ, ಊಟದ ಡಬ್ಬಿ, ಮಡಚಿದ ಸೀರೆ.

"ಆಗಲೇ ಸಾಗಿಸಿರ್ತಾಳೆ," ಎಂದ ಮಾವ. "ಪೊಲೀಸಿಗೆ ಒಂದು ಮಾತು ಹೇಳಿದ್ರೆ ತಾನೇ ಬಾಯಿ ಬಿಡ್ತಾಳೆ."

ಟೀಚರು ಕಿಟಕಿಯ ಪಕ್ಕ ನಿಂತಿದ್ದರು. ಸುಮ್ಮನಿರಬಹುದಿತ್ತು. ನಾಳೆ ಆ ಗಂಟನ್ನು ಎಲ್ಲಾದರೂ ಹಾಕಿ ಬಂದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹುಡುಗಿ ಟೀ ಕುಡಿದದ್ದು, ಅತ್ತದ್ದು, ಎಲ್ಲ ಹಾಗೇ ಉಳಿಯುತ್ತಿತ್ತು. ಆದರೆ ಗುಡಿಸುವವಳು ನೆಲದ ಮೇಲಿನ ಬಾಚಣಿಗೆಯನ್ನು ಎತ್ತಿಕೊಳ್ಳಲೂ ಅಂಜಿ ನಿಂತಿದ್ದಳು.

"ಅವಳನ್ನ ಬಿಡಿ. ಅದು ನಮ್ಮನೇಲಿದೆ."

"ನಿಮ್ಮನೇಲಾ?"

"ರಿಪೇರಿಗೆ ಹೋಗಿತ್ತು. ಬೆಳಗ್ಗೆ ಅವನು ತಂದುಕೊಟ್ಟ. ಇಲ್ಲಿ ಈ ಗಲಾಟೇಲಿ ಬೇಡ ಅಂತ ಕೆಳಗೆ ಇಟ್ಟಿದೀನಿ."

"ಅಷ್ಟೇ ತಾನೇ!" ಮಾವನ ಮುಖ ಅರಳಿತು. "ಮೊದಲೇ ಹೇಳಬಾರದಾ ಟೀಚರ್? ಪಾಪ, ಇವಳ ಮೇಲೆ ಸುಮ್ಮನೆ... ಹೋಗ್ಲಿ ಬಿಡಮ್ಮ, ಮನಸ್ಸಿಗೆ ಹಚ್ಕೋಬೇಡ. ರಿಪೇರಿ ಆಗಿದೆ ಅಂದ್ರೆ ಇನ್ನೂ ಒಳ್ಳೇದೇ ಆಯ್ತು. ಕಟ್ಟೋದಕ್ಕೆ ಹಗ್ಗ ತರ್ತೀನಿ ಇರಿ." ಚಪ್ಪಲಿ ಹಾಕಿಕೊಂಡು ಇಳಿದೇಹೋದ. ಗುಡಿಸುವವಳು ಚೀಲ ತುಂಬಿಕೊಂಡು, ಅಳುತ್ತಲೇ, ಬಕೀಟನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಹುಡುಗಿ ಮಾತ್ರ ಕದಲಲಿಲ್ಲ.

"ಯಾವತ್ತು ಹೋಗಿತ್ತು ಟೀಚರ್ ರಿಪೇರಿಗೆ?"

"ಹೋದ ವಾರ."

"ಬಂದಿದ್ದು ಇವತ್ತು."

"ಹ್ಞೂಂ."

"ಹಾಗಾದ್ರೆ ಮೊನ್ನೆ ಸಂಜೆ ನಿಮಗೆ ಕೇಳಿಸಿದ್ದು ಏನು?"

ಟೀಚರು ಎಲ್ಲವನ್ನೂ ಹೇಳಿದರು. ಕೋಲು, ಧಡ್, ಮತ್ತೆ ಕೋಲು, ಮಣೆ. ಮಕ್ಕಳು ನಕ್ಕಿದ್ದನ್ನೂ, ಸೋತಳು ಎಂದದ್ದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಹುಡುಗಿ ತಮಗೆ ಹೊಡೆಯಲಿ, ಉಗಿಯಲಿ, ಕೂಗಾಡಲಿ ಎಂದು ಕಾದರು. ಅವಳು ಬಚ್ಚಲುಮನೆಯ ಬಾಗಿಲವರೆಗೆ ಹೋಗಿ, ಗೋಡೆಗೊರಗಿದ್ದ ಮಣೆಯನ್ನು ನೋಡಿ ಬಂದಳು.

"ಅಷ್ಟು ಹೊತ್ತು ಜೀವ ಇತ್ತು ಅವಳಿಗೆ."

"ನನಗೆ ಗೊತ್ತಾಗ್ಲಿಲ್ಲ ಕಣೇ. ಅದೇ ಸದ್ದು. ಆ ಡಬ್ಬದ್ದೇ ಅಂತ... ಎರಡೂ ಒಂದೇ ಥರ ಕೇಳುತ್ತೆ. ದೇವರಾಣೆಗೂ ಒಂದೇ ಥರ."

"ಕೇಳುತ್ತಾ?"

"ಹ್ಞೂಂ."

"ತೋರಿಸಿ."

ಟೀಚರಿಗೆ ಅರ್ಥವಾಗಲಿಲ್ಲ.

"ನಾನು ಕೆಳಗೆ ನಿಮ್ಮನೇಲಿ ನಿಂತ್ಕೋತೀನಿ. ನೀವು ಬಚ್ಚಲುಮನೇಲಿ ಅಮ್ಮ ಬಿದ್ದಿದ್ದ ಹಾಗೇ ಮಲಗಿ, ಆ ಮಣೆ ಬಡೀರಿ. ಒಂದೇ ಥರ ಕೇಳುತ್ತಾ ನೋಡ್ತೀನಿ." ಅವಳ ದನಿ ಏರಲಿಲ್ಲ. "ನೀವು ಹೇಗೆ ಬಡಿದ್ರೋ ಹಾಗೇ ನಾನೂ ಬಡೀತೀನಿ. ಕೋಲು ಎಲ್ಲಿದೆ?"

"ಮೂಲೇಲಿ. ಕಪ್ಪು ಹಲಗೆ ಪಕ್ಕ."

ಹುಡುಗಿ ಇಳಿದುಹೋದ ಹೆಜ್ಜೆಗಳು ಕೇಳಿಸಿದವು. ಬಾಗಿಲು ತೆರೆದದ್ದು ಕೇಳಿಸಿತು. ಟೀಚರು ಬಚ್ಚಲುಮನೆಗೆ ಹೋದರು. ನೆಲ ಯಾರೋ ಕೈಕಾಲು ತೊಳೆದು ಇನ್ನೂ ಒದ್ದೆಯಿತ್ತು. ಮಂಡಿ ಊರಿ, ಆಮೇಲೆ ಮೊಣಕೈ ಊರಿ, ಆ ವಯಸ್ಸಿನ ಮೈಯನ್ನು ಕಷ್ಟಪಟ್ಟು ನೆಲಕ್ಕೆ ಇಳಿಸಿದರು. ಕೆನ್ನೆಗೆ ತಣ್ಣನೆಯ ಟೈಲು ತಾಗಿತು. ಇಲ್ಲಿಂದ ಎಲ್ಲವೂ ಎತ್ತರದಲ್ಲಿತ್ತು, ನಲ್ಲಿ, ಬಕೀಟಿನ ಅಂಚು, ಬಾಗಿಲ ಚಿಲಕ. ಸೀರೆಯೊಳಗೆ ನೀರು ಇಳಿಯತೊಡಗಿತು. ಕೈಚಾಚಿ ಮಣೆಯನ್ನು ಎಳೆದುಕೊಂಡು, ಮಲಗಿದಲ್ಲೇ ಎತ್ತಿ, ಬಿಟ್ಟರು.

ಧಡ್.

ಏನೂ ಇಲ್ಲ. ತೋಳು ನೋಯುತ್ತಿತ್ತು. ಮತ್ತೆ ಎತ್ತಿ ಬಡಿದರು. ಧಡ್. ಧಡ್.

ಆಗ ನೆಲದೊಳಗಿಂದ, ನೇರವಾಗಿ ಅವರ ಕೆನ್ನೆಯ ಮೂಳೆಗೆ, ಉತ್ತರ ಬಂತು. ಟಕ್ ಟಕ್. ಯಾರೋ ಇದ್ದಾರೆ ಕೆಳಗೆ. ಯಾರಿಗೋ ಕೇಳಿಸಿದೆ. ಟೀಚರು ಜೋರಾಗಿ ಬಡಿದರು, ಇನ್ನೂ ಜೋರಾಗಿ ಉತ್ತರ ಬಂತು, ಗಾರೆ ಉದುರುವಷ್ಟು ಜೋರಾಗಿ. ಅವರ ಕೈ ಮಣೆಯನ್ನು ಬಿಟ್ಟಿತು. ಇನ್ನು ಬಡಿಯಬೇಕಾದ್ದಿರಲಿಲ್ಲ. ಒದ್ದೆ ನೆಲದ ಮೇಲೆ ಮಲಗಿದ್ದಂತೆಯೇ ಅವರ ಕಣ್ಣು ತಾನಾಗಿ ಬಾಗಿಲ ಕಡೆ ತಿರುಗಿತು, ಈಗ ಬರುತ್ತಾರೆ ಎಂದು.